ಕಲ್ಲಿನ ಆಮೆಗೆ ಮೊದಲ ಕುಂಕುಮ

ಮೊಣಕಾಲು ನೋವಿಗೆಂದು ಮಗಳು ರಬ್ಬರಿನ ಬಿಸಿನೀರ ಚೀಲ ತಂದುಕೊಟ್ಟಳು. ಬಿಸಿನೀರು ಬಿದ್ದೊಡನೆ ಹೊಸ ರಬ್ಬರಿನ ವಾಸನೆ ಎದ್ದಿತು. ಮೂಗಿಗೆ ಬಂದದ್ದೇ ತಡ, ಐವತ್ತರ ದಶಕದ ಬಾದಾಮಿಯ ನಮ್ಮ ಪಡಸಾಲೆ ಕಣ್ಣ ಮುಂದೆ ನಿಂತಿತು. ನೆರೆಮನೆಯ ಮಗಳು ನಡುವೆ ಕೂತು, ನೀರೊಳಗೆ ನೋಡಲು ಹಾಕಿಕೊಳ್ಳುವ, ಸುತ್ತ ರಬ್ಬರಿನ ಅಂಚಿದ್ದ ದೊಡ್ಡದೊಂದು ಕನ್ನಡಕವನ್ನು ಹೆಂಗಸರ ಕೈಗೆ ಕೊಡುತ್ತಿದ್ದಳು. ಎಲ್ಲರೂ ಮೂಸಿ ನೋಡಿದೆವು... ಕನ್ನಡಕವನ್ನು ಮೂಸಿದವರು ಲೋಕದಲ್ಲಿ ನಾವಷ್ಟೇ ಇರಬೇಕು.

ಆಕೆ ನೇಕಾರರ ಮನೆಯ ಮಗಳು, ನನಗಿಂತ ಚಿಕ್ಕವಳು. ನನ್ನನ್ನು ಅಣ್ಣನ ಹೆಂಡತಿಯಂತೆ ವೈನಿ ಅನ್ನುತ್ತಿದ್ದಳು. ಗಂಡನಿಗೆ ಅರಬ್ಬಿ ಸಮುದ್ರದ ಒಂದು ದ್ವೀಪದಲ್ಲಿ, ಮುಳುಗಿದ ಹಡಗಿನ ಸಾಮಾನು ಎತ್ತುವ ಕೆಲಸ. ಮಳೆಗಾಲದಲ್ಲಿ ಕಡಲು ಕೆರಳಿ ಕೆಲಸ ನಿಂತಾಗ ಆಕೆ ತವರಿಗೆ ಬರುತ್ತಿದ್ದಳು.

ಒಂದು ದಿನ ಗಂಡ ಗಾಳಿ ತುಂಬಿದ ಕಬ್ಬಿಣದ ಸಿಲಿಂಡರೊಂದನ್ನು ಆಕೆಯ ಬೆನ್ನಿಗೆ ಕಟ್ಟಿ, ಉಸಿರಾಡುವ ನಳಿಗೆಯನ್ನು ಬಾಯಿಗೆ ಕೊಟ್ಟನಂತೆ. ಆಕೆ ಚಿಕ್ಕಂದಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ನಮ್ಮೂರ ಹೊಂಡದಲ್ಲಿ ಈಜು ಕಲಿತವಳು. ಇದೂ ಅಂಥದ್ದೇ, ತೇಲಿಸುತ್ತದೆ ಅಂದುಕೊಂಡು ಗಂಡನ ಜೊತೆ ದೋಣಿಯಿಂದ ಧೈರ್ಯವಾಗಿ ಇಳಿದುಬಿಟ್ಟಳು.

"ಬುರುಡಿ ಅಂತ ನಂಬಿ ಇಳಿದ್ರ, ಗುಂಡಕಲ್ಲಿನಂಗ ಕೆಳಗ ಎಳಕೊಂಡು ಹೋತ್ರಿ ದೊಡ್ಡವ್ವ," ಎಂದು ನನ್ನತ್ತೆಗೆ ಹೇಳಿದಳು. "ಗಂಡನ ಕೈ ಗಟ್ಟಿ ಹಿಡಕೊಂಡು ಕಣ್ಣು ತೆರದ್ರ, ಎದುರಿಗೆ ಆಮಿ. ನಿಮ್ಮ ಹಿಟ್ಟಿನ ಪರಾತಕ್ಕಿಂತ ಅಗಲ. ಹಕ್ಕಿ ರೆಕ್ಕಿ ಬಡದಂಗ ಕೈ ಬೀಸಿಕೋತ ಹೊಂಟಿತ್ತು."

ಬತ್ತಿ ಹೊಸೆಯುತ್ತಿದ್ದ ಅತ್ತೆಯ ಕೈ ನಿಂತಿತು. "ಕೂರ್ಮ," ಎಂದರು ಮೆಲ್ಲಗೆ.

ನಮ್ಮ ಓಣಿಯ ಗುಡಿಯಲ್ಲಿ ದೇವರ ಎದುರಿಗೆ, ನೆಲದಲ್ಲಿ ಒಂದು ಕಲ್ಲಿನ ಆಮೆ ಇದೆ. ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಒಳಗೆ ಹೋಗುವುದು. ಶ್ರಾವಣ ಸೋಮವಾರ ಅದಕ್ಕೆ ಮೊದಲ ನೀರು, ಮೊದಲ ಕುಂಕುಮ ನಮ್ಮ ಮನೆಯ ಸೊಸೆಯದು. ಮದುವೆಯಾಗಿ ಬಂದಾಗಿನಿಂದ ಆ ಕೆಲಸ ನನ್ನದಾಗಿತ್ತು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಉಪ್ಪಿನ ಗಡಿಗೆ ಕೂಡ ಅತ್ತೆಯ ಕೈಯಲ್ಲಿತ್ತು.

ಮುಂದಿನ ಸೋಮವಾರ ನಾನು ಮಡಿಯುಟ್ಟು ಆಮೆಯ ಮುಂದೆ ನಿಂತಿದ್ದೆ. ಅತ್ತೆ ನನ್ನ ಕೈಯಿಂದ ಕುಂಕುಮದ ಬಟ್ಟಲು ತಗೊಂಡು, ಪಕ್ಕದಲ್ಲಿ ನಿಂತಿದ್ದ ನೆರೆಮನೆಯ ಆಕೆಗೆ ಕೊಟ್ಟರು.

"ಇವತ್ತ ನೀ ಹಚ್ಚವ್ವ."

"ಅಯ್ಯ, ನಾ ಮನ್ಯಾಗ ಒಂದು ದೀಪಾನೂ ಹಚ್ಚಾಕಿ ಅಲ್ರಿ. ವೈನಿ ಹಚ್ಚಲಿ."

"ಆತ ನಿನಗ ಎದುರಿಗೆ ಬಂದು ಮುಖ ತೋರಿಸ್ಯಾನ."

"ಎಲ್ಲಿ ಮುಖರಿ, ಅದು ಕಡಲ ತಳಕ್ಕ ಇಳಿದು ಹುಲ್ಲು ತಿನ್ನಾಕ ಹತ್ತಿತ್ತು. ನನ್ನ ಕಡಿ ತಿರುಗಿ ಸುದ್ದಾ ನೋಡಲಿಲ್ಲ."

"ಉಣ್ಣಾವ್ರು ಯಾರನ್ನ ನೋಡ್ತಾರ?" ಎಂದರು ಅತ್ತೆ.

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆಕೆ ಬಗ್ಗಿ ಆಮೆಯ ಬೆನ್ನಿಗೆ ಕುಂಕುಮ ಹಚ್ಚಿದಳು. ಉಪವಾಸ ಮಾಡಿ ಆ ಕಲ್ಲು ತಿಕ್ಕಿದವಳು ನಾನು. ಸೋಮವಾರವೂ ಉಳ್ಳಾಗಡ್ಡಿ ತಿನ್ನುವ ಆಕೆಗೆ ದೇವರು ಜೀವಂತ ಕಂಡ. ಇದು ಯಾವ ನ್ಯಾಯ...

ಆಕೆಗೆ ನನ್ನ ಮನಸ್ಸು ತಿಳಿದಿರಬೇಕು. ಮರುದಿನ ಮಧ್ಯಾಹ್ನ ಕನ್ನಡಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ಬಾ ವೈನಿ, ಹೊಂಡದಾಗೂ ಆಮಿ ಅದಾವ," ಎಂದಳು. ಬಟ್ಟೆ ಒಗೆಯುವ ನೆಪದಲ್ಲಿ ಹೋದೆವು. ಕನ್ನಡಕದ ಪಟ್ಟಿ ನನ್ನ ತುರುಬಿಗೆ ಸಿಕ್ಕಿಕೊಂಡಿತು, ಬಿಡಿಸಿ ಕಟ್ಟಿದಳು. ಮೆಟ್ಟಿಲ ಮೇಲೆ ಸೊಂಟದುದ್ದ ನೀರಿನಲ್ಲಿ ನಿಂತು ಮುಖ ಮುಳುಗಿಸಿದೆ. ಎಲ್ಲ ಹಸಿರು ಹಸಿರು. ಆಮೆ ಇಲ್ಲ. ನನ್ನವೇ ಎರಡು ಪಾದ, ಕಾಲುಂಗುರ ಸಮೇತ, ಬೆಳ್ಳಗೆ ದೊಡ್ಡದಾಗಿ ಕಂಡವು, ಬೇರೆ ಯಾರದೋ ಕಾಲಿನಂತೆ.

"ಏನ್ ಕಂಡಿತು?"

"ನನ್ನ ಕಾಲು."

"ಪೂರಾ ಮುಳುಗು ವೈನಿ. ನಾ ಕೈ ಹಿಡೀತೇನಿ."

"ಸಾಕು. ರೊಟ್ಟಿ ಬಡೀಬೇಕು," ಎಂದೆ.

ಆಕೆ ಒಬ್ಬಳೇ ಮುಳುಗಿದಳು. ಕೆಂಪು ಸೆರಗು ನೀರ ಮೇಲೆ ಅರಳಿ, ಮೆಲ್ಲಗೆ ಒಳಗೆ ಹೋಯಿತು. ಎಷ್ಟು ಹೊತ್ತೋ... ಎದ್ದಾಗ ಆಕೆಯ ಮುಖದ ಮೇಲಿದ್ದ ಸುಖ ನನಗೆ ಯಾವ ಪೂಜೆಯಲ್ಲೂ ಸಿಕ್ಕಿರಲಿಲ್ಲ. ಅಲ್ಲಿಯವರೆಗೆ ಆಕೆ ಕಂಡದ್ದರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅಂದಿನಿಂದ ಆಕೆಯ ಧೈರ್ಯದ ಮೇಲೆ.

ಮಳೆ ನಿಂತ ಮೇಲೆ ಗಂಡನ ಕಡೆಗೆ ಹೋದಳು. ಮುಂದಿನ ಶ್ರಾವಣದ ಹೊತ್ತಿಗೆ ಆಕೆ ಬರಲಿಲ್ಲ, ಸುದ್ದಿ ಬಂತು. ದ್ವೀಪದಲ್ಲೇ ಜ್ವರ ಬಂದು ತೀರಿಕೊಂಡಳೆಂದು ಆಕೆಯ ತಾಯಿ ನಮ್ಮ ಪಡಸಾಲೆಯಲ್ಲಿ ಕೂತು ಅತ್ತರು. ಆ ಸೋಮವಾರ ಅತ್ತೆ ಕುಂಕುಮದ ಬಟ್ಟಲನ್ನು ನನ್ನ ಕೈಗಿಟ್ಟರು. ನಾನು ದೇವರಲ್ಲಿ ಬೇಡಿಕೊಂಡದ್ದು ಮರಳಿ ಬಂದಿತ್ತು, ಆದರೆ ಹೀಗೆ ಬರಲಿ ಎಂದು ಬೇಡಿರಲಿಲ್ಲ. ಬಗ್ಗಿದವಳು, ಆಕೆಯ ಬೆರಳು ಮುಟ್ಟಿದ್ದು ಆಮೆಯ ಬೆನ್ನಿನ ಯಾವ ಜಾಗ ಎಂದು ಹುಡುಕುತ್ತ ಕೂತೆ...

ಈಗ ದೇವರ ದಯೆ, ಕಣ್ಣು ಕಾಣುತ್ತದೆ, ಉಂಡದ್ದು ಅರಗುತ್ತದೆ, ಗುಡಿಯವರೆಗೆ ನಡೆಯುತ್ತೇನೆ. ಬಗ್ಗಲು ಮಾತ್ರ ಆಗುವುದಿಲ್ಲ. ಸೊಸೆ ಆಮೆಯನ್ನು ಮುಟ್ಟಿ ಆ ಕೈಯನ್ನು ನನ್ನ ಕಣ್ಣಿಗೆ ಒತ್ತುತ್ತಾಳೆ. ಆಗೆಲ್ಲ ಬೇಕಾದಷ್ಟು ಬೇಡಿಕೊಂಡಿದ್ದೇನೆ. ಆಕೆಯ ಮೇಲಿನ ಹೊಟ್ಟೆಕಿಚ್ಚು ಹೋಗಲಿ ಎಂದು ಮಾತ್ರ ಬೇಡಿಲ್ಲ. ಆಕೆಯನ್ನು ಬಲ್ಲವರು ಈ ಓಣಿಯಲ್ಲಿ ಯಾರೂ ಉಳಿದಿಲ್ಲ. ಆ ಹೊಟ್ಟೆಕಿಚ್ಚೂ ಹೋದರೆ ಆಕೆಯದು ಅಂತ ನನ್ನ ಹತ್ತಿರ ಏನಿರುತ್ತದೆ.