ಮೋಟಾರ್ ಸುಟ್ಟವರ ಕೈಗೆ ಸಿಗುವ ಪುಟ

ಕೆ.ಆರ್. ನಗರದ ಚಿಕ್ಕವ್ವನಿಗೆ ವೆಬ್‌ಸೈಟ್ ಮಾಡಿಕೊಟ್ಟ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸುಟ್ಟ ಪಂಪ್‌ಸೆಟ್ ಮೋಟಾರ್ ಬಿಚ್ಚಿ, ಕರಿಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವಳ ಕೆಲಸ. ರಸ್ತೆ ಅಗಲ ಮಾಡಿದಾಗ ಅಂಗಡಿ ಹಿಂದಿನ ಗಲ್ಲಿಗೆ ಬಂತು. ಗಿರಾಕಿಗಳು ಅಲ್ಲಿಗೆ ಬರಲಿಲ್ಲ. ಯುಗಾದಿಯೊಳಗೆ ಕೆಲಸ ಕಾಣದಿದ್ದರೆ ತಂತಿ ಸುತ್ತುವ ಮಷಿನ್ ಮಾರಿಬಿಡುತ್ತೇನೆ ಎಂದಿದ್ದಳು. ಪಿರಿಯಾಪಟ್ಟಣದವರೊಬ್ಬರು ಆಗಲೇ ಬಂದು ನೋಡಿಕೊಂಡೂ ಹೋಗಿದ್ದರು.

ನಾನಿರುವುದು ಹುಣಸೂರಿನಲ್ಲಿ. ವೀರನಹೊಸಹಳ್ಳಿ ಕಡೆಯ ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿ ಮಾಡಿ ಕೈ ಪಳಗಿತ್ತು. ಅದೇ ಜಂಬದಲ್ಲಿ ಚಿಕ್ಕವ್ವನಿಗೂ ಪರದೆ ತುಂಬ ಫೋಟೋ, ತೆಳು ಬೂದು ಅಕ್ಷರ, ಮೇಲೆ ‘ವಿದ್ಯುತ್ ಯಂತ್ರಗಳ ಸಮಗ್ರ ಸೇವಾ ಕೇಂದ್ರ’ ಎಂಬ ಹೆಸರು ಹಾಕಿಕೊಟ್ಟೆ. ನನ್ನ ಫೋನಿನಲ್ಲಿ ಹುಡುಕಿದರೆ ಮೊದಲನೆಯದಾಗಿ ಅದೇ ಬರುತ್ತಿತ್ತು. ಇನ್ನೇನು ಬೇಕು ಎಂದು ಬೀಗಿದೆ.

ಎರಡು ವಾರ ಒಂದೂ ಕರೆ ಬರಲಿಲ್ಲ. ಚಿಕ್ಕವ್ವ ಬೈಯಲಿಲ್ಲ, ಹಳೇ ಗಿರಾಕಿಯೊಬ್ಬರ ಕಬ್ಬಿನ ಗದ್ದೆಗೆ ಮೋಟಾರ್ ಕೂರಿಸಲು ಹೊರಟವಳು ನನ್ನನ್ನೂ ಕರೆದುಕೊಂಡು ಹೋದಳು. ನೆತ್ತಿ ಸುಡುವ ಬಿಸಿಲು. ನನ್ನ ಎರಡೂ ಅಂಗೈಗೆ ಗ್ರೀಸ್ ಸವರಿ, ಗದ್ದೆಯ ಯಜಮಾನರ ಸೀಳುಬಿಟ್ಟ ಫೋನನ್ನು ಕೈಗಿಟ್ಟಳು.

“ಈಗ ನಿನ್ ಮೋಟ್ರು ಸುಟ್ಟೋಗದೆ ಅಂದ್ಕೊ. ನಂಗೊಂದ್ ಫೋನ್ ಮಾಡು ನೋಡವ.”

ಹುಡುಕಿದೆ. ಮೊದಲ ಪುಟದಲ್ಲಿಲ್ಲ, ಎರಡರಲ್ಲೂ ಇಲ್ಲ. ದಿನಾ ನಾನೇ ತೆಗೆದು ನೋಡುತ್ತಿದ್ದುದಕ್ಕೆ ನನ್ನ ಫೋನು ನನಗೆ ಮಾತ್ರ ಅದನ್ನು ಮೇಲೆ ತಂದು ತೋರಿಸುತ್ತಿತ್ತು! ಮೂರನೇ ಪುಟದಲ್ಲಿ ಸಿಕ್ಕಿತು. ಫೋಟೋ ತುಂಡು ತುಂಡಾಗಿ ಇಳಿಯಿತು. ಬೂದು ಅಕ್ಷರ ಬಿಸಿಲಿಗೆ ಮಾಯ. ನಂಬರ್ ಇದ್ದದ್ದು ತಳದಲ್ಲಿ, ಅದರ ಮೇಲೆ ಒತ್ತಿದರೆ ಗ್ರೀಸಿನ ಬೆರಳು ಜಾರಿ ಬೇರೇನೋ ತೆರೆಯಿತು. ಯಜಮಾನರು ಪಾಪ, ತಡೆದು ತಡೆದು ಕೊನೆಗೆ ಹೇಳಿಯೇಬಿಟ್ಟರು. “ಇಷ್ಟೊತ್ಗೆ ನಾನು ಬೈಕ್ ಮ್ಯಾಲೆ ಮೋಟ್ರು ಆಕ್ಕೊಂಡು ಪ್ಯಾಟೆಗೋಗ್ಬುಟ್ಟಿರ್ತಿದ್ದೆ ಕಣವ್ವ.”

ನಾಚಿಕೆಯಾಯಿತು. ಆದರೆ ಹುಣಸೂರಿನ ಬಸ್ಸು ಹತ್ತುವ ಹೊತ್ತಿಗೆ ಆ ನಾಚಿಕೆ ಎಲ್ಲಿ ಹೋಯಿತೋ, ತಲೆಯೊಳಗೆ ಹೊಸ ಪುಟ ಎದ್ದು ನಿಂತಿತ್ತು. ಮನೆ ತಲುಪಿದವಳು ಕಾಲು ಕೂಡ ತೊಳೆಯದೆ ಕೂತೆ. ಫೋಟೋ ಎಲ್ಲ ಕಿತ್ತೆಸೆದೆ. ಒಂದೇ ಒಂದು ಉಳಿಸಿದೆ, ಪಕ್ಕದ ಹಿಟ್ಟಿನ ಗಿರಣಿಯೂ ಕಾಣುವಂಥ ಅಂಗಡಿಯ ಬಾಗಿಲು. ಬಿಳಿಯ ಮೇಲೆ ದಪ್ಪ ಕಪ್ಪು ಅಕ್ಷರ. ತೆರೆದ ತಕ್ಷಣ ಪರದೆಯ ಅರ್ಧ ತುಂಬುವ ಕರೆಯ ಗುಂಡಿ, ಮೊಣಕೈಯಲ್ಲಿ ಒತ್ತಿದರೂ ಕರೆ ಹೋಗಬೇಕು. ಯಜಮಾನರಿಗೆ ಫೋನ್ ಮಾಡಿ, ಮೋಟಾರ್ ಕೆಟ್ಟರೆ ಫೋನನ್ನು ಏನಂತ ಕೇಳುತ್ತೀರಿ ಎಂದು ವಿಚಾರಿಸಿ, ಆ ಮಾತನ್ನೇ ಮೇಲೆ ಬರೆದೆ. ಚಿಕ್ಕವ್ವ ಯಾವ್ಯಾವ ಊರಿನ ಮೋಟಾರ್ ಮಾಡಿಕೊಡುತ್ತಾಳೋ ಅಷ್ಟೂ ಊರಿನ ಹೆಸರು ಹಾಕಿದೆ. ಗಲ್ಲಿಯನ್ನು ನಕ್ಷೆಯಲ್ಲಿ ಗುರುತಿಸಿದೆ.

ಆಮೇಲೆ ಬಸ್ಸಿನಲ್ಲಿ ಪಕ್ಕ ಕೂತವರ ಫೋನನ್ನೆಲ್ಲ ಇಸಿದುಕೊಂಡು ಹುಡುಕುವ ಚಟ ಹತ್ತಿತು. ಎಚ್.ಡಿ. ಕೋಟೆ ಬಸ್ಸಿನಲ್ಲಿ ಎರಡನೇ ಪುಟ. ಹತ್ತು ದಿನ ಕಳೆದು ಹುಣಸೂರು ಸ್ಟ್ಯಾಂಡಿನಲ್ಲಿ, ಸೊಪ್ಪು ಮಾರುವವರ ಫೋನಿನಲ್ಲಿ, ಮೊದಲ ಪುಟದ ಮೂರನೇ ಸಾಲು! ಖುಷಿಗೆ ಅವರ ಬಳಿ ಬೇಡದ ನಾಲ್ಕು ಕಟ್ಟು ದಂಟು ಕೊಂಡೆ. ಚಿಕ್ಕವ್ವನಿಗೆ ಹೇಳಿದರೆ, ಮೇಲೆ ಬಂದು ಏನು ಬಂತು, ಫೋನು ಬರಬೇಕಲ್ಲ ಎಂದಳು.

ಯುಗಾದಿಗೆ ಮೂರು ದಿನವಿರುವಾಗ ಪಿರಿಯಾಪಟ್ಟಣದವರು ಗೂಡ್ಸ್ ಆಟೋ ತಂದೇಬಿಟ್ಟರು. ಸುದ್ದಿ ಕೇಳಿ ನಾನೂ ಓಡಿದೆ. ಮಷಿನ್ನಿನ ಮೂರು ಬೋಲ್ಟ್ ಬಿಚ್ಚಿಯಾಗಿತ್ತು. ನಾಲ್ಕನೆಯದು ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಚಿಕ್ಕವ್ವ ಗ್ರೀಸಿನ ಕೈಯ ಬೆರಳಗೆಣ್ಣಿನಿಂದ ಒತ್ತಿ ಕಿವಿಗಿಟ್ಟಳು. ಗಾವಡಗೆರೆಯಿಂದ ಯಾರೋ. ಮೋಟಾರ್ ಸುಟ್ಟಿದೆ, ಟೆಂಪೋದಲ್ಲಿ ಹೊರಟಾಗಿದೆ. ನಂಬರ್ ಯಾರು ಕೊಟ್ಟರು ಎಂದಳು. ಗದ್ದೆಯಲ್ಲೇ ನಿಂತು ಫೋನನ್ನು ಕೇಳಿದೆ, ದೊಡ್ಡ ಗುಂಡಿ ಬಂತು, ಒತ್ತಿದೆ ಎಂದರಂತೆ ಆ ಕಡೆಯವರು.

ಚಿಕ್ಕವ್ವ ನನ್ನ ಮುಖ ನೋಡಿದಳು. ಆಮೇಲೆ ಪಿರಿಯಾಪಟ್ಟಣದವರ ಕಡೆ ತಿರುಗಿದಳು.

“ಬಿಚ್ಚಿದ್ ಬೋಲ್ಟ್ ಅಂಗೇ ಆಕ್ಬುಡಪ್ಪ. ಗಾವಡಗೆರೆಯಿಂದ ಮೋಟ್ರು ಬತ್ತಾ ಅದೆ. ಇಳ್ಸಕ್ಕೆ ನೀನೂ ಒಂದ್ ಕೈ ಕೊಟ್ಟು ಓಗು.”

ನಾನು ಆಗಲೇ ಸ್ಪ್ಯಾನರ್ ಹುಡುಕುತ್ತಿದ್ದೆ.