ಒದ್ದೆ ಬೆರಳಿನ ವರದಿ

ಬೆಳಗಿನ ಐದೂವರೆ. ಲಾಂಡ್ರಿಯ ಹಿಂಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತ ಮಹಿಳೆಯೊಬ್ಬರು ಸೋಪುನೀರಿನ ಬಕೆಟ್ಟಿಗೆ ಹತ್ತೂ ಬೆರಳು ಅದ್ದಿಕೊಂಡು ಗಡಿಯಾರ ನೋಡುತ್ತಿದ್ದಾರೆ. ತುದಿಗಳು ಸುಕ್ಕುಗಟ್ಟಿದ ಮೇಲೆ ಅರೆಬರೆ ಒರೆಸಿಕೊಂಡು, ಮಡಿಲಲ್ಲಿರುವ ಫೋನಿನ ಗಾಜನ್ನು ಒತ್ತತೊಡಗುತ್ತಾರೆ. ಜಪ್ಪಯ್ಯ ಎಂದರೂ ಅಕ್ಷರ ಮೂಡುವುದಿಲ್ಲ. ಪಕ್ಕದ ಹಾಳೆಯಲ್ಲಿ ಇನ್ನೊಂದು ತಪ್ಪು ಗುರುತಾಗುತ್ತದೆ.

ಇವರು ಫೋನ್ ಪರೀಕ್ಷಕಿ. ಬೆರಳಿನಿಂದ ಮುಟ್ಟಿ ನಡೆಸುವ ಫೋನುಗಳು ಪೇಟೆಗೆ ಬಂದು ಇನ್ನೂ ಎರಡು ವರ್ಷ. ಒಂದರಲ್ಲಿ ಬದಿಗೆ ಜಾರಿಸಿದರೆ ಹೊರಬರುವ ಗುಂಡಿಗಳು, ಇನ್ನೊಂದರಲ್ಲಿ ಪರದೆ ಒತ್ತಿ ಬರೆಯಲು ಪ್ಲಾಸ್ಟಿಕ್ ಕಡ್ಡಿ, ಮತ್ತೊಂದರಲ್ಲಿ ಬರೀ ಗಾಜು. ಪದ ಮುಗಿಯುವ ಮೊದಲೇ ತಾನೇ ಊಹಿಸಿ ತುಂಬುವ ಅತಿಬುದ್ಧಿವಂತ ಫೋನು ಬೇರೆ. ಬರೆಯಲು ಯಾವುದು ಸಲೀಸು ಎಂದು ಹೋಲಿಸುವುದು ಇವರ ಕೆಲಸ. ದಿನಕ್ಕೆ ಎಂಟು ಫೋನು, ಒಂದೊಂದರಲ್ಲೂ ಅದೇ ಅರವತ್ತು ಪದಗಳ ಪತ್ರ ಹತ್ತು ಸಲ. "ನಿದ್ದೇಲೂ ಅದನ್ನೇ ಬಡಬಡಿಸ್ತೀನಂತೆ. ಮಗಳು ನಗ್ತಾಳೆ," ಎನ್ನುತ್ತಾರೆ.

ಮೊದಲು ಟೈಪಿಸ್ಟ್ ಆಗಿದ್ದವರು. ಹದಿನೇಳು ವರ್ಷ ಬೆರಳೇ ಅನ್ನ ಹಾಕಿತ್ತು. ಟೈಪ್‌ರೈಟರ್ ಮೂಲೆ ಸೇರಿದಾಗ ಎಂಟು ತಿಂಗಳು ಮನೆಯಲ್ಲಿ ಕೂತರು. ಆಮೇಲೆ ಅವರ ವೇಗ ನೋಡಿ ಫೋನ್ ಕಂಪನಿ ಕರೆಯಿತು. ಎಡವಟ್ಟಾದದ್ದು ಅಲ್ಲೇ. ಪರೀಕ್ಷೆಯ ಕೋಣೆಯಲ್ಲಿ ಪ್ರತಿ ಫೋನಿಗೂ ಮುನ್ನ ಬೆರಳನ್ನು ಒಣಬಟ್ಟೆಯಲ್ಲಿ ಒರೆಸಿಕೊಳ್ಳುವುದು ನಿಯಮ. ಕಳೆದ ವರ್ಷ ಅವರು ಗಾಜಿಗೇ ಹೆಚ್ಚು ಅಂಕ ಕೊಟ್ಟು, 'ಕಡ್ಡಿಯ ಅಗತ್ಯ ಯಾರಿಗೂ ಇಲ್ಲ' ಎಂದು ಬರೆದರು. ಕಡ್ಡಿಯ ಮಾದರಿ ತಯಾರಾಗುವುದೇ ನಿಂತಿತು.

ಹೊಸ ಗಾಜಿನ ಫೋನನ್ನು ಹೆಮ್ಮೆಯಿಂದ ತಂದುಕೊಟ್ಟದ್ದು ಅಕ್ಕನಿಗೆ, ಅವರ ಹಳೆಯ ಕಡ್ಡಿ ಫೋನನ್ನು ಅಂಗಡಿಗೆ ಕೊಟ್ಟು. ಅಕ್ಕ ಈ ಲಾಂಡ್ರಿಯಲ್ಲೇ ಒಗೆಯುವವರು. ದಿನವಿಡೀ ಕೈ ನೀರಲ್ಲಿ, ಬೆರಳೆಲ್ಲ ಜಡ್ಡು. ಅವರಿಗೆ ಕಿವಿ ಕೇಳದು. ಬೇರೆ ಬೇರೆ ಮನೆಯಲ್ಲಿರುವ ಅಕ್ಕತಂಗಿಯರ ಮಾತೆಲ್ಲ ಫೋನಿನ ಸಂದೇಶದಲ್ಲೇ.

"ಮೊದಲು ದಿನಕ್ಕೆ ಹತ್ತು ಸಲ ಬೈದು ಬರೀತಿದ್ಲು. ಊಟ ಮಾಡಿದ್ಯಾ, ಯಾಕೆ ಸುಮ್ನಿದ್ದೀಯಾ ಅಂತ. ಹೊಸ ಫೋನ್ ಕೊಟ್ಟ ಮೇಲೆ ಬರೀ 'ಹೂಂ', ಇಲ್ಲಾಂದ್ರೆ 'ಇಲ್ಲ'. ಇವಳಿಗೇನೋ ಕೊಬ್ಬು ಅಂದ್ಕೊಂಡು ನಾನೂ ನಾಲ್ಕು ತಿಂಗಳು ಮುಖ ಊದಿಸ್ಕೊಂಡಿದ್ದೆ."

ಒಂದು ಸಂಜೆ ಅಕ್ಕ ಚೀಟಿಯೊಂದನ್ನು ಕೈಗಿಟ್ಟರು. ಅದು ಇನ್ನೂ ತಂಗಿಯ ಪರ್ಸಿನಲ್ಲಿದೆ: 'ಫೋನು ಚೆನ್ನಾಗಿದೆ ಕಣೇ. ನನ್ನ ಬೆರಳೇ ಸರಿಯಿಲ್ಲ. ಬೇಜಾರು ಮಾಡ್ಕೋಬೇಡ.' ಬಿಡಿಸಿ ತೋರಿಸುವಾಗ ಅವರು ತಲೆ ಎತ್ತುವುದಿಲ್ಲ. "ತಪ್ಪು ಮಾಡಿದ್ದು ನಾನು, ಸಮಾಧಾನ ಹೇಳಿದ್ದು ಅವಳು. ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಒದ್ದೆ ಕೈಯವರು ಇರ್ತಾರೆ ಅಂತ ನಂಗೆ ಹೊಳೀಲೇ ಇಲ್ಲ ನೋಡಿ, ಸ್ವಂತ ಅಕ್ಕನೇ ಇದ್ರೂ."

ಅಂದಿನಿಂದ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಇಲ್ಲಿ ಪರೀಕ್ಷೆ. ಇದು ಕಂಪನಿ ಹೇಳಿದ ಕೆಲಸವಲ್ಲ. ಗಾಜಿನಲ್ಲಿ ಒಣಬೆರಳು ಎರಡು ನಿಮಿಷದಲ್ಲಿ ಬರೆದ ಪತ್ರಕ್ಕೆ ಒದ್ದೆಬೆರಳಿಗೆ ಒಂಬತ್ತು ನಿಮಿಷ. ಕಡ್ಡಿಯಲ್ಲಾದರೆ ಒದ್ದೆ ಕೈಗೂ ಮೂರೇ. ಮುಂದಿನ ಮಾದರಿಯಲ್ಲಿ ಕಡ್ಡಿ ಇರಬೇಕೋ ಬೇಡವೋ ಎಂಬುದು ಸೋಮವಾರ ತೀರ್ಮಾನವಾಗುತ್ತದೆ. ವರದಿಯ ಮೊದಲ ಸಾಲು ಆಗಲೇ ಸಿದ್ಧ: 'ಕಳೆದ ವರ್ಷ ನಾನು ಬರೆದದ್ದು ತಪ್ಪು.'

ಇದರಿಂದ ಕೆಲಸಕ್ಕೇ ಸಂಚಕಾರ ಬಂದರೆ?

"ಬಂದ್ರೆ ಬರ್ಲಿ. ಅದು ಗೊತ್ತಾಗಿ ಅಕ್ಕ ಉಗೀಬೇಕು ನಂಗೆ, ಮೊದಲಿನ ಹಾಗೆ, ಉದ್ದಕ್ಕೆ," ಎನ್ನುತ್ತಾ ಅವರು ಮತ್ತೆ ಬಕೆಟ್ಟಿಗೆ ಕೈ ಅದ್ದುತ್ತಾರೆ. "ಫೋನಲ್ಲೇ ಬರೆದು ಉಗೀಬೇಕು. ಅಷ್ಟಾದ್ರೆ ಸಾಕು."