ಪ್ಯಾರಿಬಿ ಕೊಯ್ದ ಟೈರು

ಚೌಡಾಪುರದ ರಸ್ತೆಬದಿಯಲ್ಲಿ ಪ್ಯಾರಿಬಿ ಹತ್ತೊಂಬತ್ತು ವರ್ಷಗಳಿಂದ ಪಂಕ್ಚರ್ ಹಾಕುತ್ತಿದ್ದಾಳೆ. ಸೌಜನ್ಯವನ್ನು ಅವಳು ಕಸುಬಿನ ಭಾಗವೆಂದು ಎಂದೂ ತಿಳಿದವಳಲ್ಲ. ಬೇಸಿಗೆಯಲ್ಲಿ ಗಾಳಿ ಹಿಗ್ಗಿ ಟೈರು ಒಡೆಯುತ್ತದೆ, ಆದ್ದರಿಂದ ಗಾಳಿ ಕಡಿಮೆ ತುಂಬಬೇಕು ಎಂಬುದು ಇಲ್ಲಿನವರ ಗಟ್ಟಿ ನಂಬಿಕೆ. ಪ್ಯಾರಿಬಿ ಶಾಲೆ ಕಂಡವಳಲ್ಲ. ಒಡೆದ ಟೈರುಗಳನ್ನು ಕಂಡವಳು. ಅವುಗಳಲ್ಲಿ ಹೆಚ್ಚಿನವು ಗಾಳಿ ಸಾಲದೆ ಬಳುಕಿ, ಬಳುಕಿದಷ್ಟೂ ಕಾದು, ಪಕ್ಕೆ ಹರಿದುಕೊಂಡಂಥವು.

ಕಳೆದ ಏಪ್ರಿಲಿನ ಒಂದು ಮಧ್ಯಾಹ್ನ ಅವಳ ಶೆಡ್ಡಿನ ಜಾಗದ ಒಡೆಯ ಬಸವಂತರಾಯ ಮಗಳ ಸ್ಕೂಟರ್ ತಂದ. ಮಗಳು ವಿದ್ಯಾವತಿಯೂ ಜೊತೆಗಿದ್ದಳು, ವಯಸ್ಸು ಹದಿನಾರು. ಗೆಳತಿಯನ್ನು ಹಿಂದೆ ಕೂರಿಸಿಕೊಂಡು, ಅಕ್ಕನ ಮದುವೆಯ ಕಾರ್ಡು ಹಂಚಲು ಅಫಜಲಪುರಕ್ಕೆ ಹೊರಡುವವಳಿದ್ದಳು. ಪ್ಯಾರಿಬಿ ಹಿಂದಿನ ಚಕ್ರ ಬಿಚ್ಚಿದಳು. ಟೈರು ಬೋಳಾಗಿ ಒಳಗಿನ ನೂಲು ಕಾಣುತ್ತಿತ್ತು.

"ಪಂಕ್ಚರ್ ಹಾಕಿ ಗಾಳಿ ಕಮ್ಮಿ ಹೊಡಿ. ಬಿಸಲ ಭಾಳ ಅದ," ಎಂದ ಬಸವಂತರಾಯ.

"ಟೈರ್ ಸತ್ತದರಿ ಗೌಡ್ರ. ಹೊಸಾದು ತರ್ರಿ. ಲೈಸನ್ಸ್ ಇದ್ದವ್ರು ಓಡಸ್ಲಿ."

"ನನ್ನ ಮಗಳು ಹನ್ನೆರಡ ವರ್ಷಕ್ಕ ಟ್ರ್ಯಾಕ್ಟರ್ ಹೊಡದಾಕಿ. ನೀ ಏನ್ ಆರ್‌ಟಿಒ ಏನ್ ಬೇ?"

"ಹೊಲದಾಗ ಹೊಡದಾಳ್ರಿ. ಹೊಲದಾಗ ಎದುರಿಗಿ ಲಾರಿ ಬರಲ್ಲ."

"ಯಪ್ಪಾ, ಈಕಿ ಕೂಡ ಏನ್ ಮಾತಾಡಾಕತ್ತಿ? ಚಕ್ರ ಕಸ್ಕೊ!" ಎಂದು ವಿದ್ಯಾವತಿ ಕಿರುಚಿದಳು.

ಅವನು ಚಕ್ರಕ್ಕೆ ಕೈ ಚಾಚಿದ. ಪ್ಯಾರಿಬಿ ಚೂರಿ ಎತ್ತಿ ಟೈರಿನ ಪಕ್ಕೆಯನ್ನು ಗೇಣುದ್ದ ಸೀಳಿದಳು.

"ಈಗ ಒಯ್ರಿ."

"ನಾಳಿ ಈ ಶೆಡ್ ಇಲ್ಲಿ ಇರಲ್ಲ, ನೆಪ್ಪಿಡು!"

ಮರುದಿನ ಶೆಡ್ಡು ಇರಲಿಲ್ಲ. ಪ್ಯಾರಿಬಿ ಕಂಪ್ರೆಸರನ್ನು ಎದುರಿನ ಬೇವಿನ ಮರದಡಿಗೆ ಎಳೆದುಕೊಂಡಳು. ಊರು ಬಸವಂತರಾಯನ ಪರ ನಿಂತಿತು. ಅನ್ಯರ ವಸ್ತುವನ್ನು ಕೊಯ್ದದ್ದು ತಪ್ಪೆಂಬುದರಲ್ಲಿ ಅನುಮಾನವಿಲ್ಲ. ಆ ಟೈರು ಅಂದೇ ಒಡೆಯುತ್ತಿತ್ತೆಂದು ಸಾಧಿಸಿ ತೋರಿಸುವುದೂ ಸಾಧ್ಯವಿಲ್ಲ. ನಡೆಯದೆ ಹೋದ ಅಪಘಾತ ಪುರಾವೆ ಬಿಟ್ಟುಹೋಗುವುದಿಲ್ಲ.

ಎರಡು ದಿನ ಕಳೆದ ಮೇಲೆ ಅಫಜಲಪುರಕ್ಕೆ ಹೋಗುವ ಬಸ್ಸು ಬಂದು ನಿಂತಿತು. ಕಿಟಕಿಯಲ್ಲಿ ವಿದ್ಯಾವತಿ, ತೊಡೆಯ ಮೇಲೆ ಕಾರ್ಡುಗಳ ಚೀಲ. ಪ್ಯಾರಿಬಿಯನ್ನು ಕಂಡದ್ದೇ ಮುಖ ತಿರುವಿದಳು. ಗಾಳಿಗಾಗಿ ಕಾದಿದ್ದ ಆಟೋದ ಅರ್ಫಾತ ನಕ್ಕ.

"ಆಪಾ, ನಿನ್ನ ದುಶ್ಮನ್ ಹೊಂಟಾಳ ನೋಡು. ಮಾರಿ ಹೆಂಗ ತಿರವ್ಯಾಳ!"

"ತಿರವ್ಲಿ ಬಿಡಲೇ. ಬಸ್ಸಿನಾಗ ಕುಂತಾಳೊ ಇಲ್ಲೊ?"